ಒಂದು ಸ್ಲಗ್ಗನ್ನು ಕ್ಯಾಲೆಂಡರಿಗೆ ಮುಟ್ಟಿಸಿದ್ದು: ನನ್ನ ಅನುಭವ

ಶಿರಸಿ ಸುತ್ತಲಿನ ಹೋಮ್‌ಸ್ಟೇಗಳಿಗೆ ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೆ. ರಿಯಾಕ್ಟ್ ಮೇಲೆ ನಿಂತ, ಸೈಟ್ ಕಟ್ಟುವ ಚೌಕಟ್ಟು ನೆಕ್ಸ್ಟ್ ಜೆಎಸ್; ಅದರ 14ನೇ ಆವೃತ್ತಿಯಲ್ಲಿ ಸುಖವಾಗಿತ್ತು. ಸುಮ್ನಿರಲಾರದೆ 15ಕ್ಕೆ ಏರಿಸಿದೆ. ಪ್ಯಾರಾಮ್ಸ್ (ಪುಟದ ವಿಳಾಸದಿಂದ ಬರುವ ಮಾಹಿತಿ) ಈಗ ಪ್ರಾಮಿಸ್, ಅಂದರೆ ಕಾದು ಪಡೆಯಬೇಕಾದದ್ದು, ಅಲ್ವಾ, ನಾನೋ ಅದನ್ನು ಇಡಿಯಾಗಿ ಕ್ಯಾಲೆಂಡರ್ ಕಾಂಪೊನೆಂಟಿಗೆ (ಪುಟದ ಒಂದು ತುಂಡಿಗೆ) ದಾಟಿಸುತ್ತಿದ್ದೆ. ಆ ಕಡೆ ಸ್ಲಗ್ (ವಿಳಾಸದಲ್ಲಿ ಯಾವ ಮನೆ ಅಂತ ಗುರುತಿಸುವ ಹೆಸರು) ಕೇಳಿದರೆ ಅನ್‌ಡಿಫೈನ್ಡ್. ಯಾವ ಮನೆ ಒತ್ತಿದರೂ ಕ್ಯಾಲೆಂಡರ್ ಖಾಲಿ.

ಹನ್ನೆರಡು ಸಾವಿರಕ್ಕೆ ಒಪ್ಪಿದ ಕೆಲಸ. ನಾಲ್ಕೈದು ದಿನ ಇದಕ್ಕೇ ಹೋಯಿತು. ಜುಲೈ ಮಳೆ, ಕರೆಂಟ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟಿಗೆ ಡೇಟಾ ಪ್ಯಾಕ್ ಖರ್ಚು ಬೇರೆ.

ಮೊದಲು ಕ್ಯಾಲೆಂಡರನ್ನೇ ಅಸಿಂಕ್ (ಪ್ರಾಮಿಸಿಗೆ ಕಾಯಬಲ್ಲ ಫಂಕ್ಷನ್) ಮಾಡಿ ರಿಯಾಕ್ಟಿನಿಂದ ಬೈಸಿಕೊಂಡೆ. ಕ್ಲೈಂಟ್ ಕಾಂಪೊನೆಂಟಿಗೆ, ಅಂದರೆ ಬ್ರೌಸರಿನಲ್ಲಿ ಓಡುವ ತುಂಡಿಗೆ, ಅದು ನಡೆಯುವುದಿಲ್ಲ. ಬೆಂಗಳೂರಿನ ಗೆಳೆಯ, "ಪೇಜ್ ಪೂರ್ತಿ ಕ್ಲೈಂಟ್ ಮಾಡು ಮಾರಾಯ, ರಿಯಾಕ್ಟಿನ ಯೂಸ್ ಹಾಕು" ಅಂದ. ಪ್ರಾಮಿಸನ್ನು ಅಲ್ಲೇ ಬಿಚ್ಚುವ ಫಂಕ್ಷನ್ ಅದು. ಹಾಕಿದೆ, ಓಡಿತು! ಆದರೆ ಕ್ಲೈಂಟ್ ಪೇಜಿನಲ್ಲಿ ಪುಟದ ಹೆಸರು, ವಿವರ ಹೇಳುವ ಜನರೇಟ್‌ಮೆಟಾಡೇಟಾ ಇಡುವಂತಿಲ್ಲ, ಕಿತ್ತು ಹಾಕಿದ್ದೆ. ಎರಡೇ ದಿನಕ್ಕೆ ಒಬ್ಬ ಮಾಲೀಕರ ಫೋನ್: "ತಮಾ, ವಾಟ್ಸಾಪಲ್ಲಿ ಲಿಂಕ್ ಕಳಿಸಿದ್ರೆ ನಮ್ಮನೆ ಹೆಸ್ರೇ ಬತ್ತಿಲ್ಲೆ!"

ಆಮೇಲೆ ಕ್ಯಾಲೆಂಡರ್ ಒಳಗೆ, ವಿಳಾಸದಿಂದಲೇ ಸ್ಲಗ್ ಓದುವ ಯೂಸ್‌ಪ್ಯಾರಾಮ್ಸ್. ಇದು ಕೆಟ್ಟದ್ದೇನಲ್ಲ. ಆದರೆ ಅದೇ ಕ್ಯಾಲೆಂಡರ್ ನನಗೆ ಮುಖಪುಟದ ಕಾರ್ಡಿನಲ್ಲೂ ಬೇಕಿತ್ತು. ಅಲ್ಲಿನ ವಿಳಾಸದಲ್ಲಿ ಸ್ಲಗ್ ಎಲ್ಲಿಂದ ಬರಬೇಕು?

ಕೊನೆಗೆ ಪೇಜನ್ನು ಮತ್ತೆ ಸರ್ವರಿಗೆ ಒಯ್ದೆ. ಅಲ್ಲೇ ಅವೈಟ್ ಮಾಡಿ (ಪ್ರಾಮಿಸಿಗೆ ಕಾದು), ಬರೀ ಸ್ಲಗ್ ಸ್ಟ್ರಿಂಗನ್ನು (ಅಕ್ಷರಗಳನ್ನಷ್ಟೇ) ಕ್ಯಾಲೆಂಡರಿಗೆ ಪ್ರಾಪ್, ಅಂದರೆ ಹೊರಗಿಂದ ದಾಟಿಸುವ ಮಾಹಿತಿ, ಆಗಿ ಕೊಟ್ಟೆ. "ಇಷ್ಟಕ್ಕೆಲ್ಲ ಸರಿಯಾಗಲ್ಲ ಬಿಡು" ಅಂದಿದ್ದ ಗೆಳೆಯ ಈಗ ಅದನ್ನೇ ತನ್ನ ಪ್ರಾಜೆಕ್ಟಿಗೆ ಹಾಕಿಕೊಂಡಿದ್ದಾನೆ. ಮನೆಯ ಹೆಸರು ವಾಟ್ಸಾಪಲ್ಲಿ ಬರುತ್ತಿದೆ, ಬ್ರೌಸರಿಗೆ ಹೋಗುವ ಜಾವಾಸ್ಕ್ರಿಪ್ಟೂ ಮೂರರಲ್ಲೊಂದು ಪಾಲು ಇಳಿಯಿತು ಅಂತ ನೆನಪು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ ಹಳೇ ತಾರೀಖು ಅಂಟಿಕೊಳ್ಳದ ಹಾಗೆ ಒಂದು ಕಿತಾಪತಿ ಮಾಡಿದ್ದೇನೆ. ಅದು ಅಂಗಡಿ ಗುಟ್ಟು.

ನಡುವೆ ತಾರೀಖನ್ನು ವಿಳಾಸದಲ್ಲಿಡೋಣ ಅಂತ ಮುಖಪುಟದಲ್ಲಿ, ವಿಳಾಸದ ಪ್ರಶ್ನೆಚಿಹ್ನೆಯ ನಂತರದ ಭಾಗ ಓದುವ ಯೂಸ್‌ಸರ್ಚ್‌ಪ್ಯಾರಾಮ್ಸ್ ಹಾಕಿದ್ದೆ. ಡೆವ್‌ನಲ್ಲಿ (ನನ್ನ ಕಂಪ್ಯೂಟರಿನ ಪ್ರಯೋಗದಲ್ಲಿ) ಚೆಂದ, ಬಿಲ್ಡ್ (ಸೈಟನ್ನು ಪ್ರಕಟಿಸಲು ಕಟ್ಟುವ ಹಂತ) ಮಾತ್ರ ನಿಂತಿತು. ಆ ತುಂಡಿಗೆ ಸಸ್ಪೆನ್ಸ್ (ಸಿದ್ಧವಾಗುವ ತನಕ ಬೇರೇನಾದರೂ ತೋರಿಸುವ ಹೊದಿಕೆ) ಸುತ್ತಿದ ಮೇಲೆ ಸರಿಹೋಯಿತು.

ಕನ್ನಡದಲ್ಲೇ ಸ್ಲಗ್ ಇಡುವ ಹುಚ್ಚೂ ಹತ್ತಿತ್ತು. ಯಾಣ ಅಂತ ಇಟ್ಟರೆ ಪ್ಯಾರಾಮ್ಸಿನಲ್ಲಿ ಬಂದದ್ದು ಶೇಕಡಾ ಚಿಹ್ನೆ ತುಂಬಿದ 27 ಅಕ್ಷರದ ಬಾಲ. ಡೇಟಾಬೇಸಿನಲ್ಲಿ ಹುಡುಕಿದರೆ ಅಂಥ ಊರೇ ಇಲ್ಲ! ಪೇಜಿನಲ್ಲೇ ಡಿಕೋಡ್ ಮಾಡಿ (ಮತ್ತೆ ಕನ್ನಡ ಅಕ್ಷರಕ್ಕೆ ತಿರುಗಿಸಿ) ಕೆಳಗೆ ಕಳಿಸಿದೆ, ಸಿಕ್ಕಿತು. ಈಗ ಬನವಾಸಿ, ಉಂಚಳ್ಳಿ ಎರಡನ್ನೂ ಕನ್ನಡಕ್ಕೆ ತಂದಿದ್ದೇನೆ. ಉಳಿದವು ಮಳೆ ಬಿಟ್ಟ ಮೇಲೆ.