ಕತ್ತಿಗೆ ಉಬ್ಬು ಬಾಯಿ: ನಾನು ಮಾಡಿಕೊಂಡ ಜಿಗ್

ತೋಟದ ಕತ್ತಿಗೂ ಅಡುಗೆಮನೆಯ ಚಾಕುವಿಗೂ ಒಂದೇ ಥರ ಸಾಣೆ ಹಿಡಿಯಬಾರದು. ಟೊಮೆಟೊ ಹೆಚ್ಚುವ ಚಾಕುವಿಗೆ ಎರಡು ಬದಿಯೂ ನೇರವಾಗಿ ಇಳಿದು ಸೇರುವ ಅಂಚು ಸಾಕು. ಬಿದಿರು, ಸೊಪ್ಪಿನ ಕೊಂಬೆ, ಒಣಗಿದ ಅಡಿಕೆ ದಬ್ಬೆ ಕಡಿಯುವ ಕತ್ತಿಗೆ ಅದು ಸಾಲದು. ನೇರ ಅಂಚು ಶುರುವಾಗುವ ಜಾಗದಲ್ಲಿ ಒಂದು ಏಣು ಇರುತ್ತದೆ. ಏಟು ಬಿದ್ದಾಗ ಆ ಏಣು ಮರಕ್ಕೆ ಉಜ್ಜಿ ಕತ್ತಿ ಕಚ್ಚಿಕೊಳ್ಳುತ್ತದೆ. ಹಾಗಂತ ಮಸೆದು ಮಸೆದು ತೆಳು ಮಾಡಿದರೆ ಬಿದಿರಿನ ಗಿಣ್ಣಿಗೆ ತಾಗಿದ ಕೂಡಲೇ ಬಾಯಿ ಮಡಚುತ್ತದೆ.

ಉಬ್ಬು ಬಾಯಿಯಲ್ಲಿ ಈ ಎರಡು ತೊಂದರೆಯೂ ಕಡಿಮೆ. ಅಲಗಿನ ಎರಡು ಬದಿಯೂ ಚಿಪ್ಪಿನ ಬೆನ್ನಿನ ಹಾಗೆ ಸಣ್ಣಗೆ ಬಾಗಿ ಬಾಯಿಯಲ್ಲಿ ಸೇರುತ್ತವೆ. ಏಣಿಲ್ಲ. ಬಾಯಿಯ ಹಿಂದೆಯೇ ಬೇಕಾದಷ್ಟು ಕಬ್ಬಿಣ ಇರುತ್ತದೆ. ಕಡಿದಾಗ ಆ ಉಬ್ಬು ಮರವನ್ನು ಪಕ್ಕಕ್ಕೆ ತಳ್ಳುತ್ತದೆ, ಕತ್ತಿ ಸಲೀಸಾಗಿ ವಾಪಸ್ ಬರುತ್ತದೆ.

ಕೈ ಪಳಗಿದವರಿಗೆ ಇದಕ್ಕೆ ಸಲಕರಣೆ ಏನೂ ಬೇಡ. ಕಲ್ಲಿನ ಮೇಲೆ ಉಜ್ಜುವಾಗ ಮಣಿಕಟ್ಟು ಸ್ವಲ್ಪ ತೂಗುತ್ತದೆ, ಉಬ್ಬು ತಾನಾಗಿ ಬರುತ್ತದೆ. ನನಗೆ ಬೇಕಾಗಿದ್ದದ್ದು ಪ್ರತಿ ಸಲವೂ ಅದೇ ಉಬ್ಬು, ಎರಡೂ ಬದಿಗೆ ಒಂದೇ ಅಳತೆಯಲ್ಲಿ. ಕರೆಂಟಿನ ಸಾಣೆ ಚಕ್ರಕ್ಕೆ ಕೊಡುವುದು ನನಗೆ ಇಷ್ಟವಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಯ ಬಾಯಿ ಚಕ್ರಕ್ಕೆ ಕಾದು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಂತ ಅರ್ಥ. ಅಷ್ಟು ಜಾಗದಲ್ಲಿ ಹದ ಇಳಿದುಬಿಡುತ್ತದೆ. ಆಮೇಲೆ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ.

ಅದಕ್ಕೇ ಜಿಗ್ ಮಾಡಿಕೊಂಡೆ, ಅಂದರೆ ಮಸೆಯುವಾಗ ಕೋನ ತಪ್ಪದ ಹಾಗೆ ಹಿಡಿದಿಡುವ ಚೌಕಟ್ಟು. ಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಉಬ್ಬು ಅಂದರೆ ಒತ್ತೊತ್ತಾಗಿ ಕೂತ ತುಂಬಾ ಸಣ್ಣ ಸಣ್ಣ ನೇರ ಪಟ್ಟಿಗಳು, ಅಷ್ಟೇ. ಬೆನ್ನಿನ ಕಡೆ ಕಡಿಮೆ ಕೋನ, ಬಾಯಿಯ ಕಡೆ ಜಾಸ್ತಿ ಕೋನ. ಕೋನವನ್ನು ಸ್ವಲ್ಪ ಸ್ವಲ್ಪವೇ ಏರಿಸುವ ದಾರಿ ಇದ್ದರೆ ಉಬ್ಬು ಬಂದೇ ಬರುತ್ತದೆ. ಆ ದಾರಿ ನನಗೆ ಸಿಕ್ಕಿದ್ದು 8 ಮಿ.ಮೀ. ಥ್ರೆಡ್ ರಾಡಿನಲ್ಲಿ, ಅಂದರೆ ಬೋಲ್ಟಿನ ಹಾಗೆ ಉದ್ದಕ್ಕೂ ಸುರುಳಿ ಗೆರೆ ಇರುವ ಸರಳಿನಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಂ8 ರಾಡಿನಲ್ಲಿ ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಅದು 1.25 ಮಿ.ಮೀ. ಏರುತ್ತದೆ. ನನ್ನ ಜಿಗ್‌ನಲ್ಲಿ ಈ ರಾಡ್ ಕಂಬದ ಹಾಗೆ ನಿಂತಿರುತ್ತದೆ, ಅಲ್ಲಿಂದ ಕತ್ತಿಯ ಬಾಯಿಗೆ 200 ಮಿ.ಮೀ. ದೂರ. ಆ ಲೆಕ್ಕದಲ್ಲಿ ಮೂರು ಸುತ್ತು ಅಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ.

ಉಳಿದದ್ದು ಸರಳ. ದಪ್ಪ ಹಲಗೆಯ ಹಿಂದಿನ ತುದಿಯಲ್ಲಿ ಥ್ರೆಡ್ ರಾಡ್ ನೆಟ್ಟಗೆ ನಿಲ್ಲುತ್ತದೆ. ಅದರ ಮೇಲೆ ಎರಡು ನಟ್ಟುಗಳ ನಡುವೆ ಒಂದು ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಯಲ್ಲಿ ಒಂದು ಬಳೆ. ಆ ಬಳೆಯೊಳಗೆ ಅರ್ಧ ಮೀಟರ್ ಉದ್ದದ ನುಣುಪು ಸರಳು ಹಿಂದೆ ಮುಂದೆ ಓಡುತ್ತದೆ. ಬಳೆ ಕೊಂಚ ಸಡಿಲ ಇದ್ದರೂ ಗಾಬರಿ ಬೇಡ. ಒಂದು ಮಿಲಿಮೀಟರ್ ಅಲುಗಿದರೂ ಕೋನದಲ್ಲಿ ಆಗುವ ವ್ಯತ್ಯಾಸ ಕಾಲು ಡಿಗ್ರಿ. ಸುಮ್ನೆ ದುಬಾರಿ ಬೇರಿಂಗ್‌ಗೆ ದುಡ್ಡು ಹಾಕಬೇಡಿ.

ಕಲ್ಲಿನ ಬದಲು ನಾನು ಬಳಸುವುದು 25 ಮಿ.ಮೀ. ಚೌಕದ ಅಲ್ಯೂಮಿನಿಯಂ ಪೈಪು. ಎರಡೂ ತುದಿಗೆ ಮರದ ಬಿರಡೆ, ಬಿರಡೆಯ ಸರಿ ನಡುವೆ ತೂತು, ತೂತಿನಲ್ಲಿ ಸರಳು. ಮೂರು ಮುಖಕ್ಕೆ 120, 220, 400 ನಂಬರಿನ ವಾಟರ್ ಪೇಪರ್ (ಉಜ್ಜುವ ಮರಳು ಕಾಗದ, ನಂಬರ್ ಏರಿದಷ್ಟೂ ನುಣುಪು) ಅಂಟಿಸಿದ್ದೇನೆ. ನಾಲ್ಕನೇ ಮುಖಕ್ಕೆ ಮೊದಲು 3 ಮಿ.ಮೀ. ರಬ್ಬರ್, ಅದರ ಮೇಲೆ 1000 ನಂಬರ್. ಸರಳು ಪೈಪಿನ ನಡುವೆ ಇರುವುದರಿಂದ ಮೊದಲ ಮೂರು ಮುಖಗಳೂ ಅಷ್ಟೇ ದೂರದಲ್ಲಿರುತ್ತವೆ. ಪೈಪು ತಿರುಗಿಸಿದರೆ ಸಾಕು, ಕೋನ ಬದಲಾಗುವುದಿಲ್ಲ. ಕಲ್ಲುಗಳಲ್ಲಿ ಈ ಅನುಕೂಲ ಇಲ್ಲ. ಒಂದೊಂದು ಕಲ್ಲಿಗೆ ಒಂದೊಂದು ದಪ್ಪ, ಪ್ರತಿ ಸಲ ಹೊಸದಾಗಿ ಅಳೆಯಬೇಕು.

ಕತ್ತಿಯನ್ನು ಹಲಗೆಯ ಮೇಲೆ ಮಲಗಿಸಿ ಬೆನ್ನಿನ ಕಡೆ 10 ಮಿ.ಮೀ. ದಪ್ಪದ ಮರದ ಪಟ್ಟಿಯಿಂದ ಒತ್ತಿ ಹಿಡಿಸುತ್ತೇನೆ. ಬೋಲ್ಟಿನ ತಲೆ ಪಟ್ಟಿಯೊಳಗೆ ಇಳಿದಿರಬೇಕು, ರೆಕ್ಕೆ ನಟ್ಟು ಹಲಗೆಯ ಅಡಿಗೆ. ಸಿ ಕ್ಲಾಂಪ್ ಹಾಕಿದರೆ ಪೈಪಿಗೆ ಅಡ್ಡ ಬರುತ್ತದೆ. ಕತ್ತಿಯ ಹಿಡಿ ಹಲಗೆಯಿಂದ ಹೊರಗೆ ಇರಲಿ, ಇಲ್ಲದಿದ್ದರೆ ಅಲಗು ಸಪಾಟಾಗಿ ಕೂರುವುದಿಲ್ಲ. ಕೈಗೆ ದಪ್ಪ ಚರ್ಮದ ಗ್ಲೌಸ್ ಕಡ್ಡಾಯ, ಯಾಕೆಂದರೆ ಬೆರಳುಗಳು ಬಾಯಿಯ ಎದುರೇ ಓಡಾಡುತ್ತಿರುತ್ತವೆ.

ಈಗ ಮಸೆಯುವ ಕೆಲಸ. ಬಾಯಿಯ ಪಕ್ಕದ ಒಂದು ಬೆರಳಿನಷ್ಟು ಜಾಗಕ್ಕೆ ಕಪ್ಪು ಮಾರ್ಕರ್ ಬಳಿಯುತ್ತೇನೆ. ಬಳೆಯನ್ನು 15 ಡಿಗ್ರಿಗೆ ನಿಲ್ಲಿಸುತ್ತೇನೆ. ಬಾಯಿಯ ಮಟ್ಟದಿಂದ ಅಳೆದರೆ ಅದು ಸುಮಾರು 67 ಮಿ.ಮೀ. ಎತ್ತರ. ಪೈಪಿನ ಮೇಲೆ ಫೋನ್ ಇಟ್ಟು ಲೆವೆಲ್ ಆ್ಯಪ್‌ನಲ್ಲೂ ನೋಡಬಹುದು. 120ರ ಮುಖದಿಂದ ಉಜ್ಜುತ್ತಾ ಹೋದರೆ ಮೊದಲು ಏಣಿನ ಮೇಲಿನ ಮಸಿ ಹೋಗುತ್ತದೆ. ಆಮೇಲೆ ಹೊಳೆಯುವ ಪಟ್ಟಿ ನಿಧಾನವಾಗಿ ಬಾಯಿಯ ಕಡೆ ಸರಿಯುತ್ತದೆ. ಬಾಯಿಯ ಹತ್ತಿರ ಕೂದಲೆಳೆಯಷ್ಟು ಕಪ್ಪು ಉಳಿದಾಗ ನಿಲ್ಲಿಸುತ್ತೇನೆ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇದೇ. ಇಲ್ಲಿ ಅವಸರ ಮಾಡಿದರೆ ಏಣು ಉಳಿದುಬಿಡುತ್ತದೆ, ಮುಂದೆ ಯಾವ ನಂಬರಿನ ಪೇಪರೂ ಅದನ್ನು ತೆಗೆಯುವುದಿಲ್ಲ.

ಆಮೇಲೆ ಮೂರು ಸುತ್ತು ಏರಿಸಿ ಉಜ್ಜುವುದು, ಮತ್ತೆ ಮೂರು ಸುತ್ತು. ಹೀಗೆ 24 ಡಿಗ್ರಿವರೆಗೆ. ಮೇಲೆ ಹೋದ ಹಾಗೆ ತೆಗೆಯಬೇಕಾದ ಕಬ್ಬಿಣ ಕಡಿಮೆ, ಹಾಗಾಗಿ ಉಜ್ಜುವುದೂ ಕಡಿಮೆ. ಕೊನೆಯ ಒಂದೆರಡು ಡಿಗ್ರಿಗೆ ಹಗುರವಾಗಿ ನಾಲ್ಕಾರು ಸಲ ಎಳೆದರೆ ಮುಗಿಯಿತು. ಇನ್ನೊಂದು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆ ಸವರಿದಾಗ ಉದ್ದಕ್ಕೂ ಸಣ್ಣ ತರಿ ಸಿಗಬೇಕು. ಸಿಕ್ಕಿತು ಅಂದರೆ ಕತ್ತಿ ಮಗುಚಿ ಅದೇ ಕ್ರಮ. ನಂತರ 220 ಮತ್ತು 400ರಲ್ಲಿ ಇದೇ ಮೆಟ್ಟಿಲುಗಳನ್ನು ಬೇಗ ಬೇಗ ಹತ್ತುತ್ತೇನೆ.

ಮೆಟ್ಟಿಲುಗಳನ್ನು ಅಳಿಸುವುದು ರಬ್ಬರ್ ಮುಖ. ಒತ್ತಿದಾಗ ಅದು ಕೊಂಚ ತಗ್ಗಿ ಉಬ್ಬಿನ ಮೇಲೆ ಹರಡಿಕೊಳ್ಳುತ್ತದೆ. ಇಲ್ಲಿ ಪೈಪನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಎಳೆಯಬೇಕು. ತಿರುಗಾ ತಳ್ಳಿದರೆ ಬಾಯಿ ರಬ್ಬರನ್ನೇ ಕೊಯ್ಯುತ್ತದೆ. ಕೋನವೂ 20ರ ಆಸುಪಾಸು ಇದ್ದರೆ ಸಾಕು, 24ಕ್ಕೆ ಇಟ್ಟರೆ ರಬ್ಬರ್ ಬಾಯಿಯನ್ನು ಸುತ್ತಿಕೊಂಡು ಮೊಂಡು ಮಾಡುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕತ್ತಿಯನ್ನು ಓರೆಯಾಗಿ ತಿರುಗಿಸಿ ನೋಡಿ. ಗೆರೆ ಗೆರೆಯಾಗಿ ಹೊಳೆದರೆ ಇನ್ನೂ ಮೆಟ್ಟಿಲು ಇದೆ. ಬೆಳಕು ಒಂದೇ ಪಟ್ಟಿಯಾಗಿ ಜಾರಿಕೊಂಡು ಹೋದರೆ ಉಬ್ಬು ಕೂಡಿಬಂದಿದೆ.

ಜಿಗ್‌ನ ಮಿತಿಯನ್ನೂ ಹೇಳಬೇಕು ಅಲ್ವಾ? ಅಲಗು ನೇರವಾಗಿದ್ದರೆ ಪೈಪನ್ನು ಎಡಕ್ಕೆ ಬಲಕ್ಕೆ ಎಷ್ಟು ಸರಿಸಿದರೂ ಕೋನ ಅಷ್ಟೇ ಇರುತ್ತದೆ. ನಮ್ಮ ಮಲೆನಾಡಿನ ಕತ್ತಿಯ ಮೂತಿ ಒಳಗೆ ಬಾಗಿರುತ್ತದೆ, ಅಲ್ಲಿಗೆ ಚೌಕದ ಪೈಪು ಇಳಿಯುವುದಿಲ್ಲ. ಆ ಭಾಗವನ್ನು ದುಂಡನೆಯ ಕೋಲಿಗೆ ವಾಟರ್ ಪೇಪರ್ ಸುತ್ತಿ ಕೈಯಲ್ಲೇ ಮಾಡುತ್ತೇನೆ. ಪಕ್ಕದಲ್ಲೇ ಜಿಗ್ ಮಾಡಿಟ್ಟ ಉಬ್ಬು ಕಣ್ಣೆದುರು ಇರುವುದರಿಂದ ಕೈಗೆ ಅಳತೆ ಸಿಗುತ್ತದೆ.

ಅಡುಗೆಮನೆಯ ಚಾಕುವಿಗೂ ಬೇಕು ಅನ್ನಿಸಿದರೆ 12ರಿಂದ 17 ಡಿಗ್ರಿ ಸಾಕು. ಅದರ ಅಲಗು ಕಿರಿದು, ಹಾಗಾಗಿ ಒತ್ತಿ ಹಿಡಿಯಲು ಮರದ ಬದಲು ತೆಳು ಕಬ್ಬಿಣದ ಪಟ್ಟಿ ಹಾಕಿ. ಆದರೆ ತೆಳು ಸ್ಟೀಲ್ ಚಾಕುವಿನಲ್ಲಿ ಉಬ್ಬಿನಿಂದ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ಕತ್ತಿ, ಮಚ್ಚು, ಕೊಡಲಿ ಇವಕ್ಕೇ ಈ ಶ್ರಮ ಸಾರ್ಥಕ.

ಒಮ್ಮೆ ಉಬ್ಬು ಬಂದ ಮೇಲೆ ಪೂರ್ತಿ ಕೆಲಸ ಪದೇ ಪದೇ ಬೇಡ. ತೋಟದಿಂದ ಬಂದ ಮೇಲೆ ಸೊನೆ ಒರೆಸಿ, ರಬ್ಬರ್ ಮುಖದಲ್ಲಿ ಎರಡೂ ಬದಿ ಕೆಲವು ಸಲ ಎಳೆದು, ಕೊಬ್ಬರಿ ಎಣ್ಣೆ ಸವರಿ ಇಡುತ್ತೇನೆ. ಕಲ್ಲಿಗೆ ತಾಗಿ ಬಾಯಿ ಮುಕ್ಕಾದಾಗ ಮಾತ್ರ ಮತ್ತೆ ಮಾರ್ಕರ್, 15 ಡಿಗ್ರಿ, 120ರ ಮುಖ.