ಜಗುಲಿಯಲ್ಲಿ ಐ, ಹಿತ್ತಲಲ್ಲಿ ಮಿ: ನನ್ನ ಅನುಭವ

ನಾನು ಅಂದ್ರೆ ಐ, ನನ್ನನ್ನು, ನನಗೆ ಅಂದ್ರೆ ಮಿ. ಮಕ್ಕಳಿಗೆ ಇಂಗ್ಲಿಷ್ ಸರ್ವನಾಮಗಳನ್ನು ಕನ್ನಡದ ವಿಭಕ್ತಿ ಹಿಡಿದು ಹೀಗೇ ಒಂದು ವರ್ಷ ಕಲಿಸಿದೆ. ಇದನ್ನೇ ಹಾಸನದಲ್ಲಿ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹೊಡೆಸಿದ್ದಕ್ಕೆ ಸುಮಾರು 900 ರೂಪಾಯಿ ಹೋಯ್ತು. ತಪ್ಪು ಕಲಿಸಿದ್ದೇ ಆ ಫ್ಲೆಕ್ಸು. ‘ನನಗೆ ಕಾಫಿ ಬೇಕು’ ಅಂದರೆ ಮಕ್ಕಳು ‘ಮಿ ವಾಂಟ್ ಕಾಫಿ’ ಬರೆದರು. ನನಗೆ ಗೊತ್ತು, ನನಗೆ ನೆನಪಿದೆ, ನನ್ನಿಂದ ಆಗಲ್ಲ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಐ. ಉಲ್ಟಾ, ‘ಅವನು ಹೋಗಲಿ’ ಅನ್ನೋಕೆ ‘ಲೆಟ್ ಹಿಮ್ ಗೋ’. ಪ್ರತ್ಯಯ ನಂಬಿದರೆ ಎರಡು ಕಡೆಯೂ ಏಟು.

ಈಗ ಫ್ಲೆಕ್ಸ್ ಇಲ್ಲ, ನೆಲದ ಮೇಲೆ ಸೀಮೆಸುಣ್ಣದ ಒಂದು ಗೆರೆ. ಗೆರೆಯೇ ಹೊಸ್ತಿಲು, ಅಲ್ಲಿ ಕ್ರಿಯಾಪದ ನಿಲ್ಲುತ್ತೆ. ಈಚೆ ಜಗುಲಿ: ಐ, ಹಿ, ಶಿ, ವಿ, ದೇ. ಆಚೆ ಹಿತ್ತಲು: ಮಿ, ಹಿಮ್, ಹರ್, ಅಸ್, ದೆಮ್. ಯೂ, ಇಟ್ ಎರಡೂ ಕಡೆ ಅದೇ ರೂಪ. ವಿತ್, ಫಾರ್, ಟು, ಬಿಟ್ವೀನ್ ಬಂದರೆ ನೇರ ಹಿತ್ತಲಿಗೆ. ಹಳೇ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಒಂದೊಂದು ಪದ ಬರೆದ ನಲವತ್ತು ಚೀಟಿ ಸಾಕು. ಕನ್ನಡ ವಾಕ್ಯ ಹೇಳಬೇಕು, ಮೊದಲು ಇಂಗ್ಲಿಷ್ ಕ್ರಿಯಾಪದ ಹೊಸ್ತಿಲಿಗೆ ಇಡಿಸಬೇಕು, ಆಮೇಲೆ ಆಳು, ಅಂದ್ರೆ ಕೆಲಸ ಯಾರದ್ದೋ ಅವರ ಚೀಟಿ.

ಇದೆಲ್ಲ ಮಕ್ಕಳಾಟ ಅಂದವರೇ ಈಗ ಗೆರೆ ಎಳೆಯುತ್ತಿದ್ದಾರೆ. ದಿನಕ್ಕೆ ಕಾಲು ಗಂಟೆ, ಮೂರು ವಾರ. ಹತ್ತು ವಾಕ್ಯಕ್ಕೆ ಆರೇಳು ತಪ್ಪಿದ್ದದ್ದು ಒಂದೆರಡಕ್ಕೆ ಇಳಿಯಿತು.

ಗೆರೆ ಕೈಕೊಟ್ಟಿದ್ದು ಪ್ರಶ್ನೆಗಳಲ್ಲಿ. ‘ವೇರ್ ಈಸ್ ಹಿ’ ಅನ್ನುವಾಗ ಹಿ ಹೊಸ್ತಿಲಾಚೆ ಕೂತಿದೆ, ಮಕ್ಕಳು ಹಿಮ್ ಮಾಡಿಬಿಟ್ಟರು. ಪ್ರಶ್ನೆಯನ್ನು ಬಿಚ್ಚಿ ‘ಹಿ ಈಸ್ ವೇರ್’ ಅಂತ ಚೀಟಿ ಜೋಡಿಸಿ, ಆಳು ಯಾರು ಅಂತ ಗೊತ್ತಾದ ಮೇಲೆ ಮತ್ತೆ ತಿರುಗಿಸಿದರೆ ಸರಿಹೋಗುತ್ತೆ. ಜೋಡಿ ಹೆಸರಿಗೆ ಒಂದು ಚೀಟಿ ಬೆರಳಿನಲ್ಲಿ ಮುಚ್ಚಿಸಿ: ‘ರಾಜು ಅಂಡ್ ಮಿ ವೆಂಟ್’ನಲ್ಲಿ ರಾಜು ಮುಚ್ಚಿದರೆ ‘ಮಿ ವೆಂಟ್’ ಉಳಿಯುತ್ತೆ, ಕಿವಿಗೇ ಒಗ್ಗಲ್ಲ.

ನಡುವೆ ಇನ್ನೊಂದು ಪ್ರಯೋಗ. ‘ಮೇಷ್ಟ್ರು ಬಂದರು, ಅವರು ಕರೆದರು’ ಅನ್ನೋದನ್ನು ‘ದೇ ಕಾಲ್ಡ್’ ಅಂತ ಬರೆಯುವ ಚಾಳಿ ಬಿಡಿಸಲು ಮರ್ಯಾದೆಯ ‘ಅವರು’ಗೆ (ಹಿ ಅಥವಾ ಶಿ) ಕೆಂಪು ಚೀಟಿ, ಗುಂಪಿನ ‘ಅವರು’ಗೆ (ದೇ) ನೀಲಿ ಚೀಟಿ ಕೊಟ್ಟೆ. ಒಂದೇ ವಾರದಲ್ಲಿ ಹಿಡಿತ ಬಂತು. ಖರ್ಚು ಎರಡು ಸ್ಕೆಚ್ ಪೆನ್.

ಇನ್ನು ಹರ್. ಅದು ‘ಅವಳನ್ನು’ ಕೂಡ, ‘ಅವಳ’ ಕೂಡ. ಅದನ್ನು ಬಿಡಿಸಲು ಚೀಟಿಯ ಮೂಲೆ ಮಡಚುವ ಒಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.