ಕತ್ತೆ ಆಟ: ಕತ್ತೆ ಆಗದೆ ಪಾರಾಗುವುದು ಹೇಗೆ

ಇಸ್ಪೀಟು ಅಂದ ಕೂಡಲೇ ಮನೆಯಲ್ಲಿ ಹಿರಿಯರು ಮುಖ ಗಂಟು ಹಾಕಿಕೊಂಡರೆ, ಇದು ದುಡ್ಡಿಟ್ಟು ಆಡುವ ಆಟ ಅಲ್ಲ ಅಂತ ಮೊದಲೇ ಹೇಳಿಬಿಡಿ. ಕತ್ತೆ ಆಟದಲ್ಲಿ ಗೆದ್ದವರಿಗೆ ಏನೂ ಸಿಗಲ್ಲ. ಉಳಿದವರ ಕೈ ಖಾಲಿಯಾದ ಮೇಲೂ ಯಾರ ಹತ್ತಿರ ಎಲೆ ಉಳಿಯುತ್ತದೋ ಅವರು ಕತ್ತೆ, ಅಷ್ಟೇ.

ಒಂದು ಪ್ಯಾಕ್ ಸಾಕು. ಜೋಕರ್ ತೆಗೆದಿಟ್ಟು 52 ಎಲೆಯನ್ನೂ ಕಲಸಿ ಹಂಚಿ. ನಾಲ್ಕು ಜನ ಇದ್ದರೆ ತಲಾ 13. ಐದಾರು ಜನ ಆದರೂ ನಡೆಯುತ್ತದೆ, ಕೆಲವರಿಗೆ ಒಂದು ಎಲೆ ಜಾಸ್ತಿ ಬಂದರೆ ಜಗಳ ಬೇಡ. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹೀಗೆ ಇಳಿಯುತ್ತಾ ಎರಡು ಕೊನೆ.

ಇಸ್ಪೀಟ್ ಎಕ್ಕ ಇರುವವರು ಅದನ್ನೇ ಇಳಿಸಿ ಶುರು ಮಾಡಬೇಕು. ಉಳಿದವರು ಸರದಿಯಂತೆ ಅದೇ ಜಾತಿ (ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್ ಅಂತ ಎಲೆಗಳಲ್ಲಿ ನಾಲ್ಕು ಜಾತಿ) ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದ ಹೊರಗೆ, ಮಗುಚಿ ಪಕ್ಕಕ್ಕಿಡಿ. ದೊಡ್ಡ ಎಲೆ ಹಾಕಿದವರು ಮುಂದಿನ ಸುತ್ತನ್ನು ತಮಗೆ ಬೇಕಾದ ಜಾತಿಯಿಂದ ಶುರು ಮಾಡುತ್ತಾರೆ. ಮಜಾ ಬರುವುದು ಯಾರದೋ ಕೈಯಲ್ಲಿ ಆ ಜಾತಿ ಇಲ್ಲದಾಗ. ಅವರು ಬೇರೆ ಯಾವುದೋ ಎಲೆ ಹಾಕಿ ಕಟ್ ಮಾಡುತ್ತಾರೆ, ಸುತ್ತು ಅಲ್ಲಿಗೇ ನಿಲ್ಲುತ್ತದೆ, ಮತ್ತು ಶುರುವಾದ ಜಾತಿಯಲ್ಲಿ ಅಷ್ಟರೊಳಗೆ ಯಾರು ದೊಡ್ಡದು ಹಾಕಿದ್ದಾರೋ ಆ ಪುಣ್ಯಾತ್ಮರು ನೆಲದಲ್ಲಿರುವುದನ್ನೆಲ್ಲ ಎತ್ತಿಕೊಂಡು ಮುಂದಿನ ಸುತ್ತನ್ನೂ ತಾವೇ ಶುರು ಮಾಡಬೇಕು.

ಕೂರುವ ಮೊದಲೇ ಎರಡು ವಿಷಯ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಗಲಾಟೆ ಗ್ಯಾರಂಟಿ. ಒಂದು, ಮೊದಲ ಸುತ್ತಿನಲ್ಲಿ ಕಟ್ ಆದರೆ ಎಕ್ಕದವರು ಎತ್ತಬೇಕಾ? ಬೇಡ ಅಂತ ಇಟ್ಟುಕೊಳ್ಳುವುದು ಒಳ್ಳೆಯದು, ಪಾಪ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಎರಡು, ಒಬ್ಬರ ಕೊನೆಯ ಎಲೆಯೇ ಆ ಸುತ್ತಿನ ದೊಡ್ಡ ಎಲೆಯಾದರೆ ಮುಂದಿನ ಸುತ್ತು ಯಾರು ಶುರು ಮಾಡಬೇಕು? ಕೆಲವರು ಹೊರಗಿಟ್ಟ ರಾಶಿಯಿಂದ ಒಂದು ಎಲೆ ಎಳೆದು ಆಡಿಸುತ್ತಾರೆ. ನನಗೆ ಅದು ಸುಮ್ನೆ ಕಾಟ ಅನ್ನಿಸುತ್ತದೆ, ಪಕ್ಕದವರು ಶುರು ಮಾಡಲಿ ಬಿಡಿ. ಜಾತಿ ಇಟ್ಟುಕೊಂಡೂ ಕಟ್ ಮಾಡಿ ಸಿಕ್ಕಿಬಿದ್ದವರು ಮಾತ್ರ ಎಲ್ಲವನ್ನೂ ಎತ್ತಲೇಬೇಕು.

ಈಗ ಪಾರಾಗುವ ದಾರಿ. ಹೊಸಬರು ಚಿಕ್ಕ ಎಲೆ ಹಾಕುತ್ತಾ ಎಕ್ಕ, ರಾಜ ಕೂಡಿಟ್ಟುಕೊಳ್ಳುತ್ತಾರೆ. ಉಲ್ಟಾ ಮಾಡಿ. ಶುರುವಿನಲ್ಲಿ ಸಾಮಾನ್ಯವಾಗಿ ಎಲ್ಲರ ಹತ್ತಿರವೂ ಎಲ್ಲ ಜಾತಿ ಇರುತ್ತದೆ, ದೊಡ್ಡವನ್ನು ಖಾಲಿ ಮಾಡಲು ಅದೇ ಸಮಯ. ನಾಲ್ಕು ಜನರ ಆಟದಲ್ಲಿ ಆಟೀನ್ ಮೂರು ಸುತ್ತು ಕಟ್ ಆಗದೆ ಹೋಯಿತು ಅಂದರೆ 12 ಎಲೆ ಹೋಯಿತು, ಉಳಿದಿದ್ದು ಒಂದೇ. ಆ ಒಂದು ಎಲೆ ನಿಮ್ಮ ಹತ್ತಿರ ಇದ್ದು, ಬರೀ ಆಟೀನ್ ಎರಡಲ್ವಾ ಅಂತ ಇಳಿಸಿದಿರೋ, ಪಕ್ಕದವರು ತಮ್ಮ ಕಳಾವರ್ ಎಕ್ಕ ತಂದು ಅದರ ಮೇಲೆ ಹಾಕುತ್ತಾರೆ, ಎರಡೂ ಎಲೆಯನ್ನು ನೀವೇ ಎತ್ತಿಕೊಳ್ಳಬೇಕು. ಅಂಥ ಎಲೆಯನ್ನು ಶುರುವಿಗೆ ಹಾಕಲೇಬೇಡಿ, ನೀವು ಕಟ್ ಮಾಡುವಾಗ ಬೇರೆಯವರ ತಲೆಗೆ ಕಟ್ಟಿ.

ಯಾರು ಯಾವ ಜಾತಿಯನ್ನು ಕಟ್ ಮಾಡಿದರು, ಆಮೇಲೆ ಯಾರು ಏನು ಎತ್ತಿಕೊಂಡರು ಅನ್ನುವುದು ನೆನಪಿರಲಿ. ಕೈಯಲ್ಲಿ ಡೈಮಂಡ್ ಇಲ್ಲದವರು ನಿಮ್ಮ ನಂತರದ ಸರದಿಯಲ್ಲೇ ಇದ್ದರೆ ಡೈಮಂಡ್ ಮುಟ್ಟಬೇಡಿ. ಅವರ ಸರದಿ ಕೊನೆಗೆ ಬರುವುದಾದರೆ ಚಿಕ್ಕ ಡೈಮಂಡ್ ಇಳಿಸಿ ನೋಡಿ, ನಡುವಿನವರ ಹತ್ತಿರ ದೊಡ್ಡದಿದ್ದರೆ ಅವರೇ ಎತ್ತಿಕೊಳ್ಳುತ್ತಾರೆ.

ಕತ್ತೆ ಆದವರೇ ಮುಂದಿನ ಆಟಕ್ಕೆ ಎಲೆ ಕಲಸಿ ಹಂಚಬೇಕು. ಎಲ್ಲರಿಗೂ ಚಹಾ ಮಾಡಿಸಿಕೊಳ್ಳುವುದು ನಿಮ್ಮ ನಿಮ್ಮ ಸ್ನೇಹಕ್ಕೆ ಬಿಟ್ಟಿದ್ದು.